ಹೆಜ್ಜೆಯ ಸದ್ದಿನ ಹಾಡು

ಕನ್ನಡಿಗರ ಮನೆಗಳಲ್ಲಿ ಪೋರ್ಚುಗೀಸರು ಇಂದಿಗೂ ವಾಸವಾಗಿದ್ದಾರೆ ಎಂದರೆ ಗೃಹಿಣಿಯರು ಗಾಬರಿಗೊಳ್ಳಬೇಕಾದುದಿಲ್ಲ. ಸೆರಗಿನ ತುದಿಗೆ ಗಂಟು ಹಾಕಿದ ಚಾವಿ ಆ ನಾಡಿನ ಮಾತು. ಆ ಚಾವಿಯಿಂದ ತೆರೆಯುವ ಅಲಮಾರು ಆ ನಾಡಿನ ಮಾತು. ತಿಂಗಳ ಮೊದಲ ದಿನ ಅಲಮಾರಿನೊಳಗೆ ಬಂದು ಕುಳಿತು ಹತ್ತನೆಯ ದಿನಕ್ಕೆ ಮಾಯವಾಗುವ ಪಗಾರವೂ ಆ ನಾಡಿನದೇ. ಬಟಾಟೆ, ಅನಾನಸು, ಪಾದ್ರಿ ಇವೆಲ್ಲವೂ ಹಡಗು ಹತ್ತಿ ಬಂದು, ಕರಾವಳಿಯಲ್ಲಿ ಇಳಿದು, ಘಟ್ಟವನ್ನೇರಿ ಕನ್ನಡದೊಳಗೆ ಬೆರೆತುಹೋದ ಶಬ್ದಗಳು. 1510ರಿಂದ 1961ರವರೆಗೆ, ನಾನೂರ ಐವತ್ತೊಂದು ವರ್ಷಗಳ ಕಾಲ, ಗೋವೆಯಲ್ಲಿ ನೆರೆಯವರಾಗಿದ್ದವರಿಂದ ಇಷ್ಟೆಲ್ಲ ಬಂದಿತು. ಆದರೆ ಅವರ ಹಾಡು ಮಾತ್ರ ಕನ್ನಡಿಗರ ಕಿವಿಗೆ ಅಷ್ಟಾಗಿ ಬೀಳಲಿಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆಳಲು ಬಂದವನಿಂದ ವಸ್ತುವನ್ನು ಕೊಳ್ಳಬಹುದು, ವಸ್ತುವಿನೊಡನೆ ಹೆಸರನ್ನೂ ಕೊಳ್ಳಬಹುದು. ಅವನ ಹಾಡಿಗೆ ಕಿವಿಗೊಡುವ ಮನಸ್ಸು ಬರುವುದು ಕಷ್ಟ.

ಆದರೂ ಆಳುವ ಸರ್ಕಾರ ಬೇರೆ, ಅದರ ಕೈಕೆಳಗೆ ಬದುಕುವ ಜನ ಬೇರೆ. ಗೋವೆಯನ್ನು ಬಿಡಲೊಲ್ಲದೆ ಹಟ ಹಿಡಿದಿದ್ದ ಅದೇ ಸರ್ಕಾರ ತನ್ನ ಮನೆಯವರ ಬಾಯಿಗೂ ಬೀಗ ಹಾಕಿತ್ತೆಂಬುದನ್ನು ಅನೇಕರು ಅರಿಯರು. ಪೋರ್ಚುಗಲ್ಲಿನಲ್ಲಿ 1926ರಲ್ಲಿ ಸೈನ್ಯದ ದಂಗೆಯಾಗಿ ಪ್ರಜಾಪ್ರಭುತ್ವ ಮುಗಿಯಿತು. 1932ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಪ್ರಧಾನಿಯಾದರು, ಅವರೇ ಸಾಲಾಜಾರ್. ಸೌಮ್ಯವಾದ ಧ್ವನಿ, ಸರಳವಾದ ಉಡುಪು, ಚೊಕ್ಕಟವಾದ ಲೆಕ್ಕಪತ್ರ. ಇವುಗಳ ಹಿಂದೆ ಗುಪ್ತ ಪೊಲೀಸರು, ವಿಚಾರಣೆಯಿಲ್ಲದ ಸೆರೆವಾಸ, ಪತ್ರಿಕೆ ಪುಸ್ತಕಗಳ ಮೇಲೆಲ್ಲ ಓಡಾಡುವ ಸೆನ್ಸಾರಿನವರ ನೀಲಿ ಪೆನ್ಸಿಲು. ಉಪಾಧ್ಯಾಯನ ಕೆಂಪು ಶಾಯಿ ತಪ್ಪನ್ನು ತೋರಿಸುತ್ತದೆ. ಈ ನೀಲಿ ಪೆನ್ಸಿಲು ಸರಿಯಾದುದನ್ನೇ ಹುಡುಕಿ ಹೊಡೆಯುತ್ತಿತ್ತು. 1961ರಲ್ಲಿ ಅಂಗೋಲಾದಲ್ಲಿ, 1963ರಲ್ಲಿ ಗಿನಿಯಲ್ಲಿ, 1964ರಲ್ಲಿ ಮೊಜಾಂಬಿಕಿನಲ್ಲಿ ಆಫ್ರಿಕದ ಜನ ಬಿಡುಗಡೆಗಾಗಿ ಆಯುಧ ಹಿಡಿದರು. ಅವರನ್ನು ಅಡಗಿಸಲು ಪೋರ್ಚುಗಲ್ಲಿನ ಹಳ್ಳಿಹಳ್ಳಿಯ ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿ ಹಡಗು ಹತ್ತಿಸಲಾಯಿತು. ಹದಿಮೂರು ವರ್ಷಗಳ ಆ ಯುದ್ಧದಲ್ಲಿ ಪೋರ್ಚುಗೀಸ್ ಸೈನ್ಯದ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಆಫ್ರಿಕದಲ್ಲಿ ಮಡಿದವರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು. 1968ರಲ್ಲಿ ಸಾಲಾಜಾರ್ ಹಾಸಿಗೆ ಹಿಡಿದರು, ಮಾರ್ಸೆಲೊ ಕೈತಾನೊ ಎಂಬವರು ಆ ಸ್ಥಾನಕ್ಕೆ ಬಂದರು. ಹೆಸರು ಬದಲಾಯಿತು, ಬೀಗ ಬದಲಾಗಲಿಲ್ಲ.

ಮಾತಿಗೆ ಬೀಗ ಬಿದ್ದ ನಾಡಿನಲ್ಲಿಯೂ ಜನ ಹಾಡುವುದನ್ನು ಬಿಡರು. ಪೋರ್ಚುಗಲ್ಲಿನ ಮನೆಮಾತಾಗಿದ್ದ ಸಂಗೀತವೆಂದರೆ ‘ಫಾದು’. ಅಗಲಿಕೆ, ವಿಧಿ, ಸಮುದ್ರದಾಚೆಗೆ ಹೋದವರ ನೆನಪು—ಇಂಥ ಭಾವಗಳನ್ನು ಗಿಟಾರಿನ ಜೊತೆಗೆ ಮೆಲ್ಲನೆ ತೋಡಿಕೊಳ್ಳುವ ಹಾಡುಗಾರಿಕೆ ಅದು. ಜನರನ್ನು ಫಾದು, ಫುಟ್‌ಬಾಲು, ಫಾತಿಮಾ ಕ್ಷೇತ್ರ ಈ ಮೂರರಲ್ಲಿ ಮೈಮರೆಸಿ ಸರ್ಕಾರ ನೆಮ್ಮದಿಯಾಗಿತ್ತೆಂದು ಅಲ್ಲಿನ ವಿಚಾರವಂತರು ಚುಚ್ಚಿ ಹೇಳುತ್ತಿದ್ದರು. ಅದು ಅರ್ಧಸತ್ಯ. ಫಾದುವಿನ ಮಹಾಗಾಯಕಿ ಅಮಾಲಿಯಾ ರೊದ್ರಿಗೆಸ್ 1962ರಲ್ಲಿ ಹೊರತಂದ ಧ್ವನಿಮುದ್ರಿಕೆಯೊಂದರಲ್ಲಿ, ಪ್ರಿಯನನ್ನು ರಾತ್ರೋರಾತ್ರಿ ಕಳೆದುಕೊಂಡವಳ ಅಳಲೊಂದಿತ್ತು. ಆ ಪ್ರಿಯನು ರಾಜಕೀಯ ಕೈದಿಯೆಂದು ಕೇಳುಗರಿಗೆ ತಿಳಿಯಲು ತಡವಾಗಲಿಲ್ಲ. ಕಡಲ ದಂಡೆಯ ಸೆರೆಮನೆಯಿದ್ದ ಪೆನೀಶೆ ಊರಿನ ಹೆಸರನ್ನೇ ಆ ಹಾಡಿಗೆ ಜನ ಇಟ್ಟರು. ಸರ್ಕಾರ ಅದನ್ನು ರೇಡಿಯೋದಿಂದ ದೂರವಿಟ್ಟಿತು. ಹಾಡಿನ ಅರ್ಥ ಬರೆದವನ ಕೈಯಲ್ಲಿ ಮುಗಿಯುವುದಿಲ್ಲ, ಕೇಳುವವನ ಕಿವಿಯಲ್ಲಿ ಪೂರ್ಣವಾಗುತ್ತದೆ ಎಂಬುದಕ್ಕೆ ಅದೊಂದು ಮುನ್ಸೂಚನೆ.

ಅದೇ ಕಾಲದಲ್ಲಿ ಜೋಸೆ ಅಫೊನ್ಸೊ ಎಂಬ ಶಾಲಾ ಉಪಾಧ್ಯಾಯರೊಬ್ಬರು ಹಾಡತೊಡಗಿದ್ದರು. ಜನ ಪ್ರೀತಿಯಿಂದ ಕರೆಯುತ್ತಿದ್ದುದು ‘ಝೆಕಾ’ ಎಂದು. 1929ರಲ್ಲಿ ಅವೇರೊ ಎಂಬ ಪಟ್ಟಣದಲ್ಲಿ ಜನನ, ತಂದೆ ನ್ಯಾಯಾಧೀಶರು, ಬಾಲ್ಯದ ಕೆಲವು ವರ್ಷಗಳು ಆಫ್ರಿಕದಲ್ಲಿ. ಕೊಯಿಂಬ್ರಾ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಅವರು ಹಾಡುತ್ತಿದ್ದುದು ಅಲ್ಲಿನ ವಿದ್ಯಾರ್ಥಿಗಳ ಸಂಪ್ರದಾಯದ ಫಾದು. ಆದರೆ ಬಡವರ ಕೇರಿಗಳನ್ನೂ ಆಫ್ರಿಕದ ವಸಾಹತುಗಳನ್ನೂ ಕಂಡ ಕಣ್ಣಿಗೆ ವಿರಹವೊಂದೇ ಸಾಲದಾಯಿತು. 1963ರಲ್ಲಿ ಅವರು ‘ರಕ್ತಪಿಪಾಸುಗಳು’ ಎಂಬರ್ಥದ ಹೆಸರಿನ ಹಾಡೊಂದನ್ನು ಹೊರತಂದರು, ಅದು ನಿಷೇಧಕ್ಕೊಳಗಾಯಿತು. ಮುಂದೆ ಮೊಜಾಂಬಿಕಿನಲ್ಲಿ ಮೂರು ವರ್ಷ ಪಾಠ ಹೇಳಿ ತಾಯ್ನಾಡಿಗೆ ಮರಳಿದ ಬಳಿಕ, 1968ರಲ್ಲಿ, ಸರ್ಕಾರ ಅವರನ್ನು ಉಪಾಧ್ಯಾಯ ವೃತ್ತಿಯಿಂದಲೇ ತೆಗೆದುಹಾಕಿತು. ಸಂಸಾರವಂದಿಗ; ಮನೆಪಾಠ ಹೇಳಿ, ಹಾಡು ಹಾಡಿ ಹೊಟ್ಟೆ ಹೊರೆಯಬೇಕಾಯಿತು.

ಎಪ್ಪತ್ತರ ದಶಕದ ಆರಂಭಕ್ಕೆ ಅವರ ಹೆಸರನ್ನು ಅಚ್ಚಿಸುವುದೂ ಕಷ್ಟವಾಯಿತು. ಆಗ ಕೆಲವು ಪತ್ರಿಕೆಗಳು ಒಂದು ಉಪಾಯ ಹೂಡಿದವು. ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಎಸೋಜ್ ಓಸ್ನೋಫಾ’ ಎಂದು ಅಚ್ಚಿಸಿದವು! ಓದುಗರು ಬಲದಿಂದ ಎಡಕ್ಕೆ ಓದಿ ನಕ್ಕರು. ನಗುವುದಕ್ಕೆ ಸೆನ್ಸಾರಿನ ಅನುಮತಿ ಬೇಕಿರಲಿಲ್ಲ. ಆದರೆ ಎಲ್ಲವೂ ನಗೆಯ ಮಾತಲ್ಲ. 1973ರಲ್ಲಿ ಅವರನ್ನು ಬಂಧಿಸಿ ಕಶೀಯಸ್ ಸೆರೆಮನೆಗೆ ಕಳುಹಿಸಲಾಯಿತು.

ಈ ಕಥೆಗೆ ಮುಖ್ಯವಾದ ಘಟನೆ ಅದಕ್ಕಿಂತ ಹಿಂದಿನದು. 1964ರ ಮೇ 17ರಂದು ಅಫೊನ್ಸೊ ಗ್ರಾಂದೊಲಾ ಎಂಬ ಸಣ್ಣ ಊರಿಗೆ ಹಾಡಲು ಹೋದರು. ಲಿಸ್ಬನ್ನಿಗೆ ದಕ್ಷಿಣದಲ್ಲಿ ಅಲೆಂತೇಜು ಎಂಬ ಬಿಸಿಲಿನ ಸೀಮೆ. ಗೋಧಿಯ ಬಯಲು, ಬಿರಡೆಯ ತೊಗಟೆ ಕೊಡುವ ಓಕ್ ಮರಗಳು, ಕೆಲವೇ ಜಮೀನ್ದಾರರು, ಅವರ ಹೊಲಗಳಲ್ಲಿ ದಿನಗೂಲಿಗೆ ದುಡಿಯುವ ಸಾವಿರಾರು ಮಂದಿ. ಆ ಊರಿನ ದುಡಿಮೆಗಾರರು ತಮ್ಮದೇ ಒಂದು ಸಂಗೀತ ಸಂಘವನ್ನು ಕಟ್ಟಿಕೊಂಡಿದ್ದರು. ಅದರ ಹೆಸರಿನಲ್ಲಿಯೇ ಸೋದರಭಾವ ಎಂಬ ಶಬ್ದವಿತ್ತು. ಅವರು ನಡೆದುಕೊಳ್ಳುವ ರೀತಿಯಲ್ಲಿಯೂ ಅದಿತ್ತೆಂಬುದನ್ನು ಅತಿಥಿ ಕಂಡರು. ಕಂಡದ್ದು ಕವಿತೆಯಾಯಿತು. ಊರಿನ ಹೆಸರೇ ಹಾಡಿನ ಹೆಸರು: ‘ಗ್ರಾಂದೊಲಾ, ವೀಲಾ ಮೊರೇನಾ’, ಎಂದರೆ ಬಿಸಿಲಿಗೆ ಕಂದಿದ ಮೈಬಣ್ಣದ ಊರು. ಸ್ನೇಹ, ಸಮಾನತೆ, ಸಾಮಾನ್ಯ ಜನರ ಮಾತಿಗೆ ಸಲ್ಲುವ ಮನ್ನಣೆ—ಇಷ್ಟೇ ಅದರ ವಸ್ತು. ಅದರಲ್ಲಿ ಸರ್ಕಾರದ ಹೆಸರಿಲ್ಲ, ಬೈಗುಳವಿಲ್ಲ, ಕತ್ತಿಯಿಲ್ಲ, ಕೋವಿಯಿಲ್ಲ.

1971ರ ಶರತ್ಕಾಲದಲ್ಲಿ ಈ ಹಾಡಿನ ಧ್ವನಿಮುದ್ರಣವಾಯಿತು. ಪೋರ್ಚುಗಲ್ಲಿನಲ್ಲಲ್ಲ, ಪ್ಯಾರಿಸ್ಸಿನ ಸಮೀಪದ ಹಳೆಯ ಬಂಗಲೆಯೊಂದರಲ್ಲಿದ್ದ ಸ್ಟುಡಿಯೋದಲ್ಲಿ. ಸಂಗೀತವನ್ನು ಅಳವಡಿಸಿದವರು ಜೋಸೆ ಮಾರಿಯೊ ಬ್ರಾಂಕೊ. ಯುದ್ಧಕ್ಕೆ ಹೋಗಲೊಲ್ಲದೆ ಫ್ರಾನ್ಸಿಗೆ ಬಂದು ನೆಲೆಸಿದ್ದವರು. ಅವರು ಒಂದು ವಿಶೇಷವನ್ನು ಮಾಡಿದರು. ಅಲೆಂತೇಜು ಸೀಮೆಯ ಗಂಡಸರು ಕೆಲಸ ಮುಗಿಸಿ ತೋಳಿಗೆ ತೋಳು ಸೇರಿಸಿ ನಿಧಾನವಾಗಿ ನಡೆಯುತ್ತ ಹಾಡುವ ಪದ್ಧತಿಯೊಂದಿದೆ. ಅದಕ್ಕೆ ವಾದ್ಯವಿಲ್ಲ. ಒಬ್ಬನು ಸೊಲ್ಲನ್ನು ಎತ್ತಿಕೊಡುತ್ತಾನೆ. ಇನ್ನೊಬ್ಬನು ಎತ್ತರದ ದನಿಯಲ್ಲಿ ಮುಂದುವರಿಸುತ್ತಾನೆ. ಆಮೇಲೆ ಎಲ್ಲರೂ ಸೇರಿ ಹಿಡಿದುಕೊಳ್ಳುತ್ತಾರೆ. ಸೋಬಾನೆ ಪದದಲ್ಲಿ ಒಬ್ಬಾಕೆ ಹೇಳಿಕೊಟ್ಟುದನ್ನು ಉಳಿದವರು ಹಿಂಬಾಲಿಸುವುದನ್ನು ಕೇಳಿದ ಕನ್ನಡಿಗರಿಗೆ ಇದು ಸುಲಭವಾಗಿ ಮನಸ್ಸಿಗೆ ಬರುತ್ತದೆ. ಬ್ರಾಂಕೊ ಈ ಪದ್ಧತಿಯನ್ನೇ ಇಟ್ಟುಕೊಂಡು, ನಾಲ್ವರು ಹಾಡುಗಾರರನ್ನು ಸ್ಟುಡಿಯೋದ ಹೊರಗಿನ ಜಲ್ಲಿಕಲ್ಲಿನ ಅಂಗಳಕ್ಕೆ ಕರೆದೊಯ್ದು, ಅವರ ಹೆಜ್ಜೆಗಳ ಸದ್ದನ್ನೇ ಮುದ್ರಿಸಿದರು. ಆದುದರಿಂದ ಆ ಹಾಡಿನಲ್ಲಿ ಮೊದಲು ಕೇಳಿಬರುವುದು ಮಾತಲ್ಲ, ರಾಗವೂ ಅಲ್ಲ. ಜಲ್ಲಿಯ ಮೇಲೆ ಒಟ್ಟಾಗಿ ನಡೆಯುವ ಕಾಲುಗಳ ಸಪ್ಪಳ. ಮಾತು ಆಮೇಲೆ ಬಂದು ಆ ಹೆಜ್ಜೆಯೊಡನೆ ಸೇರಿಕೊಳ್ಳುತ್ತದೆ.

ಸೆನ್ಸಾರಿನವರ ಸೋಲು ಇರುವುದು ಇಲ್ಲಿಯೇ. ಅವರು ಕಾಗದವನ್ನು ಓದುತ್ತಿದ್ದರು. ಕಾಗದದ ಮೇಲೆ ಹೆಜ್ಜೆಯ ಸದ್ದು ಇರುವುದಿಲ್ಲ. 1974ರ ಮಾರ್ಚ್ 29ರಂದು ಲಿಸ್ಬನ್ನಿನ ಕೊಲಿಸೆವು ಎಂಬ ದೊಡ್ಡ ರಂಗಮಂದಿರದಲ್ಲಿ ಹಲವು ಹಾಡುಗಾರರ ಕಚೇರಿ ಏರ್ಪಾಟಾಗಿತ್ತು. ಹಾಡಬೇಕೆಂದಿದ್ದ ಅನೇಕ ಹಾಡುಗಳನ್ನು ಅಧಿಕಾರಿಗಳು ಹೊಡೆದುಹಾಕಿದರು. ಊರೊಂದರ ಹೊಗಳಿಕೆಯೆಂದು ಬಗೆದೋ ಏನೋ, ‘ಗ್ರಾಂದೊಲಾ’ಕ್ಕೆ ಮಾತ್ರ ಅನುಮತಿ ಕೊಟ್ಟರು. ಕಚೇರಿಯ ಕೊನೆಗೆ ಹಾಡುಗಾರರು ರಂಗದ ಮೇಲೆ ತೋಳಿಗೆ ತೋಳು ಸೇರಿಸಿ ನಿಂತು ಅದನ್ನು ಹಾಡಿದರು; ಸಭೆಯೆಲ್ಲ ಎದ್ದು ನಿಂತು ಜೊತೆಗೂಡಿತು. ಸಭಿಕರ ನಡುವೆ ಕೆಲವರು ಸೈನ್ಯದ ತರುಣ ಅಧಿಕಾರಿಗಳೂ ಇದ್ದರು. ಅವರ ಮನಸ್ಸಿನಲ್ಲಿದ್ದುದು ಸಂಗೀತವೊಂದೇ ಅಲ್ಲ.

ಆಫ್ರಿಕದ ಯುದ್ಧ ಗೆಲ್ಲುವಂಥದಲ್ಲವೆಂದು ಮೊದಲು ಅರಿತವರು, ಅದನ್ನು ನಡೆಸುತ್ತಿದ್ದವರೇ. ಕ್ಯಾಪ್ಟನ್, ಮೇಜರ್ ದರ್ಜೆಯ ಅಧಿಕಾರಿಗಳು ಗುಟ್ಟಾಗಿ ಸಂಘಟಿತರಾಗಿ ಸರ್ಕಾರವನ್ನು ಕೆಡಹುವ ಸಂಕಲ್ಪ ಮಾಡಿದ್ದರು. ಮಾರ್ಚ್ 16ರಂದು ಕಾಲ್ದಸ್ ದ ರೈನ್ಯಾ ಎಂಬಲ್ಲಿಂದ ಒಂದು ಪಡೆ ಆತುರಪಟ್ಟು ರಾಜಧಾನಿಯತ್ತ ಹೊರಟಿತು. ಬೇರೆ ಪಡೆಗಳು ಕದಲಲಿಲ್ಲ. ಹೊರಟವರು ದಾರಿಯಿಂದಲೇ ಹಿಂದಿರುಗಿ ಸೆರೆಯಾದರು. ಒಬ್ಬನೇ ಎದ್ದರೆ ದಂಗೆ, ಎಲ್ಲರೂ ಒಂದೇ ಗಳಿಗೆಯಲ್ಲಿ ಎದ್ದರೆ ಕ್ರಾಂತಿ ಎಂಬ ಪಾಠವನ್ನು ಅದು ಕಲಿಸಿತು. ಊರೂರಿನ ಪಾಳೆಯಗಳಲ್ಲಿ ಚದುರಿ ಹೋಗಿರುವವರಿಗೆ ಆ ಗಳಿಗೆಯನ್ನು ತಿಳಿಸುವುದು ಹೇಗೆ? ಟೆಲಿಫೋನನ್ನು ಪೊಲೀಸರು ಕದ್ದು ಕೇಳುತ್ತಾರೆ. ತಂತಿ ಕಳುಹಿಸಿದರೆ ತೆರೆದು ಓದುತ್ತಾರೆ. ಎಲ್ಲರಿಗೂ ಕೇಳಿಸುವ, ಆದರೆ ಕೆಲವರಿಗೆ ಮಾತ್ರ ಅರ್ಥವಾಗುವ ಸಾಧನವೊಂದು ಬೇಕಾಗಿತ್ತು. ಕಾರ್ಯಾಚರಣೆಯ ಯೋಜನೆಯನ್ನು ಹೊತ್ತಿದ್ದ ಮೇಜರ್ ಒಟೆಲೊ ಸರೈವಾ ದ ಕಾರ್ವಾಲ್ಯೊ ಮತ್ತು ಅವರ ಸಂಗಡಿಗರು ಕಂಡುಕೊಂಡ ಉತ್ತರ, ರೇಡಿಯೋದ ಹಾಡು.

ಒಂದಲ್ಲ, ಎರಡು ಹಾಡು. ಮೊದಲನೆಯದು ‘ಸಿದ್ಧರಾಗಿ’ ಎನ್ನುವುದಕ್ಕೆ, ಎರಡನೆಯದು ‘ಹೊರಡಿ, ಇನ್ನು ಹಿಂದಿರುಗುವಂತಿಲ್ಲ’ ಎನ್ನುವುದಕ್ಕೆ. ಮೊದಲನೆಯದಾಗಿ ಆರಿಸಿದ್ದು, ಯಾರಿಗೂ ಸಂಶಯ ಬಾರದಂಥ ಪ್ರೇಮಗೀತೆ: ಪಾವ್ಲೊ ದ ಕಾರ್ವಾಲ್ಯೊ ಹಾಡಿದ ‘ವಿದಾಯದ ಬಳಿಕ’. ಕೇವಲ ಹದಿನೆಂಟು ದಿನಗಳ ಹಿಂದೆ, ಏಪ್ರಿಲ್ 6ರಂದು, ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆದ ಯೂರೋವಿಷನ್ ಗೀತಸ್ಪರ್ಧೆಗೆ ಪೋರ್ಚುಗಲ್ ಕಳುಹಿಸಿದ್ದ ಹಾಡು ಅದು. ಸ್ವೀಡನ್ನಿನ ‘ಆಬ್ಬಾ’ ತಂಡ ಗೆದ್ದು ಲೋಕವಿಖ್ಯಾತವಾಯಿತು. ಹದಿನೇಳು ದೇಶಗಳಲ್ಲಿ ಪೋರ್ಚುಗಲ್ಲಿಗೆ ಬಂದುದು ಮೂರೇ ಅಂಕ. ಬೇರೆ ಮೂರು ದೇಶಗಳೊಡನೆ ಅದು ಕಟ್ಟಕಡೆಯ ಸ್ಥಾನವನ್ನು ಹಂಚಿಕೊಂಡಿತು. ತೀರ್ಪುಗಾರರು ಅಷ್ಟಾಗಿ ಮೆಚ್ಚದ ಆ ಹಾಡಿಗೆ ಚರಿತ್ರೆ ಬೇರೊಂದು ಕೆಲಸವನ್ನು ಕಾದಿರಿಸಿತ್ತು.

ಎರಡನೆಯ ಸಂಕೇತಕ್ಕೆ ಅಫೊನ್ಸೊ ಅವರದೇ ಬೇರೊಂದು ಹಾಡನ್ನು ಮೊದಲು ಯೋಚಿಸಿದ್ದರು. ಅದನ್ನು ಪ್ರಸಾರ ಮಾಡಬೇಕಾಗಿದ್ದ ರೇಡಿಯೊ ರೆನಾಸೆನ್ಸಾ ಕ್ಯಾಥೊಲಿಕ್ ಚರ್ಚಿನ ನಿಲಯ. ಅಲ್ಲಿ ಆ ಹಾಡಿಗೆ ನಿಷೇಧವಿದ್ದಿತು. ‘ಗ್ರಾಂದೊಲಾ’ಕ್ಕೆ ಇರಲಿಲ್ಲ. ಹೀಗಾಗಿ ಸೆನ್ಸಾರಿನವರೇ ಕ್ರಾಂತಿಯ ಗೀತೆಯನ್ನು ಆರಿಸಿಕೊಟ್ಟಂತಾಯಿತು.

ಏಪ್ರಿಲ್ 24ರ ರಾತ್ರಿ 10 ಗಂಟೆ 55 ನಿಮಿಷಕ್ಕೆ ಲಿಸ್ಬನ್ನಿನ ನಿಲಯವೊಂದರಿಂದ ಪ್ರೇಮಗೀತೆ ಕೇಳಿಬಂದಿತು. ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದವರು, ಮಗುವನ್ನು ಮಲಗಿಸುತ್ತಿದ್ದವರು, ಮರುದಿನದ ಕೆಲಸದ ಚಿಂತೆಯಲ್ಲಿದ್ದವರು ಅದನ್ನು ಕೇಳಿರಬೇಕು. ಇನ್ನೊಂದು ಹಾಡಾಯಿತು ಎಂದುಕೊಂಡಿರಬೇಕು. ಅದೇ ಗಳಿಗೆಯಲ್ಲಿ ಪಾಳೆಯಗಳ ಒಳಗೆ ಕೈಗಡಿಯಾರಗಳನ್ನು ಸರಿಪಡಿಸಿಕೊಳ್ಳುತ್ತಿದ್ದವರ ಎದೆ ಹೊಡೆದುಕೊಂಡ ಬಗೆಯನ್ನು ಊಹಿಸಬೇಕು. ಆ ನಿಲಯದ ಧ್ವನಿ ರಾಜಧಾನಿಯ ಸುತ್ತಲಿಗೆ ಮಾತ್ರ ತಲುಪುತ್ತಿತ್ತು. ಮಧ್ಯರಾತ್ರಿ ಕಳೆದು ಇಪ್ಪತ್ತು ನಿಮಿಷಕ್ಕೆ, ನಾಡಿಗೆಲ್ಲ ಕೇಳಿಸುವ ರೆನಾಸೆನ್ಸಾದಿಂದ ‘ಗ್ರಾಂದೊಲಾ’ದ ಮೊದಲ ಚರಣವನ್ನು ಒಬ್ಬರು ಓದಿದರು. ಆಮೇಲೆ ಜಲ್ಲಿಯ ಮೇಲಿನ ಹೆಜ್ಜೆಗಳ ಸದ್ದು. ಅದನ್ನು ಕೇಳಿ ನಿಜವಾದ ಹೆಜ್ಜೆಗಳು ಚಲಿಸಿದವು.

ಸಾಂತಾರೇಮ್ ಅಶ್ವದಳದ ಶಾಲೆಯಿಂದ ಇಪ್ಪತ್ತೊಂಬತ್ತು ವರ್ಷದ ಕ್ಯಾಪ್ಟನ್ ಸಾಲ್ಗೇರೊ ಮಾಯಾ ತಮ್ಮ ಪಡೆಯೊಡನೆ ಕತ್ತಲಲ್ಲಿಯೇ ಲಿಸ್ಬನ್ನಿಗೆ ಹೊರಟರು. ಬೆಳಗಿನ ಜಾವ 4 ಗಂಟೆ 26 ನಿಮಿಷಕ್ಕೆ ರೇಡಿಯೋದಲ್ಲಿ ಸೈನ್ಯದ ಮೊದಲ ಪ್ರಕಟಣೆ ಬಂದಿತು: ಜನರು ಮನೆಯಿಂದ ಹೊರಗೆ ಬರಬಾರದು, ಶಾಂತರಾಗಿರಬೇಕು. ಪ್ರಕಟಣೆಗಳ ನಡುವೆ ನುಡಿಸುತ್ತಿದ್ದುದು ಬ್ರಿಟಿಷ್ ನೌಕಾದಳದ ಯೋಧರು ಬಳಸುವ ಕವಾಯತಿನ ರಾಗವೊಂದನ್ನು! ಜನ ರಾಗವನ್ನು ಕೇಳಿದರು, ಮಾತನ್ನು ಕೇಳಲಿಲ್ಲ. ಬೆಳಕು ಹರಿಯುತ್ತಲೇ ಬೀದಿಗಳು ತುಂಬಿದವು. ಉಪಾಹಾರಗೃಹವೊಂದರ ಕೆಲಸಗಾರ್ತಿ ಸೆಲೆಸ್ತೆ ಕಾಯೇರು ಅಂದು ಕೆಲಸಕ್ಕೆ ಹೋದಾಗ ಅಂಗಡಿ ಮುಚ್ಚಿತ್ತು. ಮೊದಲ ವಾರ್ಷಿಕೋತ್ಸವಕ್ಕೆಂದು ತರಿಸಿದ್ದ ಕಾರ್ನೇಷನ್ ಹೂಗಳನ್ನು ಮಾಲೀಕರು ಕೆಲಸಗಾರರಿಗೆ ಹಂಚಿ ಕಳುಹಿಸಿದರು. ದಾರಿಯಲ್ಲಿ ಸೈನಿಕನೊಬ್ಬನು ಸಿಗರೇಟು ಕೇಳಿದನು. ಆಕೆಯ ಬಳಿ ಸಿಗರೇಟಿರಲಿಲ್ಲ, ಹೂವಿತ್ತು. ಕೊಟ್ಟ ಹೂವು ಕೋವಿಯ ಬಾಯಿಗೆ ಏರಿತು. ನೋಡುನೋಡುತ್ತಿದ್ದಂತೆ ನಗರದ ಕೋವಿಗಳೆಲ್ಲ ಕೆಂಪು ಹೂ ಮುಡಿದವು. ಸಂಜೆಯ ಹೊತ್ತಿಗೆ, ಕಾರ್ಮು ಚೌಕದ ಪಾಳೆಯದಲ್ಲಿ ಅಡಗಿದ್ದ ಕೈತಾನೊ ಅಧಿಕಾರವನ್ನು ಒಪ್ಪಿಸಿದರು. ಆದರೆ ಆ ದಿನವೆಲ್ಲ ಹೂವಿನದೇ ಆಗಿರಲಿಲ್ಲ. ಗುಪ್ತ ಪೊಲೀಸರ ಕಚೇರಿಯಿಂದ ಜನರ ಗುಂಪಿನ ಮೇಲೆ ಹಾರಿದ ಗುಂಡಿಗೆ ನಾಲ್ವರು ಬಲಿಯಾದರು. ನಲವತ್ತೆಂಟು ವರ್ಷಗಳ ಆಳ್ವಿಕೆ ಒಂದು ಹಗಲಿನಲ್ಲಿ ಉರುಳಿತೆಂದು ಹೇಳುವಾಗ, ಆ ನಾಲ್ಕು ಮನೆಗಳ ರಾತ್ರಿಯನ್ನು ಮರೆಯಲಾಗದು.

ಹಾಗಾದರೆ ಕ್ರಾಂತಿಯನ್ನು ಮಾಡಿದುದು ಹಾಡೇ? ಹಾಗೆನ್ನುವುದು ಮನಸ್ಸಿಗೆ ಹಿತವಾಗಬಹುದು, ಸತ್ಯವಾಗದು. ಹಾಡಿಗಿಂತ ಮೊದಲು ಹದಿಮೂರು ವರ್ಷದ ಯುದ್ಧವಿತ್ತು, ಸೆರೆಮನೆಗಳಲ್ಲಿ ಸವೆದವರ ಸಾಲಿತ್ತು, ಆಫ್ರಿಕದ ಕಾಡುಗಳಲ್ಲಿ ಹೋರಾಡಿ ಸತ್ತವರಿದ್ದರು, ಶಸ್ತ್ರಸಜ್ಜಿತವಾದ ಪಡೆಗಳಿದ್ದವು. ಸಂಕೇತಕ್ಕೆ ಬೇಕಾದುದು ಒಂದು ಗುರುತು ಮಾತ್ರ. ಪ್ರೇಮಗೀತೆ ಅದನ್ನು ಸೊಗಸಾಗಿ ನೆರವೇರಿಸಿತು. ಆದರೆ ಮರುದಿನ ಬೀದಿಯಲ್ಲಿ ಜನರ ಬಾಯಿಗೆ ಬಂದು ನೆಲೆಸಿದುದು ‘ಗ್ರಾಂದೊಲಾ’. ಎರಡೂ ಸಂಕೇತಗಳೇ ಆಗಿದ್ದರೂ ಒಂದು ಕೆಲಸ ಮುಗಿಸಿ ಹಿಂದೆ ಸರಿಯಿತು, ಇನ್ನೊಂದು ನಾಡಿನ ದನಿಯಾಯಿತು. ಪ್ರೇಮಗೀತೆಯನ್ನು ಒಬ್ಬನು ಹಾಡುತ್ತಾನೆ, ಉಳಿದವರು ಕೇಳುತ್ತಾರೆ. ‘ಗ್ರಾಂದೊಲಾ’ವನ್ನು ಒಬ್ಬನು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳಲೇಬೇಕು, ಇಲ್ಲವಾದರೆ ಹಾಡು ಮುಂದೆ ಸಾಗುವುದೇ ಇಲ್ಲ. ಭಯದ ಆಳ್ವಿಕೆ ಮಾಡುವ ದೊಡ್ಡ ಕೇಡೆಂದರೆ ಮನುಷ್ಯನಿಗೆ ‘ನಾನೊಬ್ಬನೇ’ ಎಂಬ ಭಾವವನ್ನು ಹುಟ್ಟಿಸುವುದು. ಪಕ್ಕದವನ ಉಸಿರಿಗೆ ಉಸಿರು ಕೂಡಿಸದೆ ಹಾಡಲಾಗದ ಹಾಡು ಆ ಭಾವವನ್ನು ಸದ್ದಿಲ್ಲದೆ ಕರಗಿಸುತ್ತದೆ. ಕೊಲಿಸೆವು ಮಂದಿರದಲ್ಲಿ ಎದ್ದು ನಿಂತ ಜನ ಅಂದೇ ಸರ್ಕಾರವನ್ನು ಕೆಡಹಲಿಲ್ಲ; ತಮ್ಮಂತೆಯೇ ಎಷ್ಟು ಮಂದಿ ಇದ್ದಾರೆಂಬುದನ್ನು ಕಿವಿಯಾರೆ ಎಣಿಸಿಕೊಂಡು ಮನೆಗೆ ಹೋದರು. ನೀಲಿ ಪೆನ್ಸಿಲಿಗೆ ಆ ಎಣಿಕೆ ಕಾಣಲಿಲ್ಲ.

ಒಂದು ವರ್ಷ ತುಂಬಿದ ದಿನ, 1975ರ ಏಪ್ರಿಲ್ 25ರಂದು, ಪೋರ್ಚುಗಲ್ಲಿನ ಜನ ಸಂವಿಧಾನ ಸಭೆಗಾಗಿ ಮತ ಹಾಕಿದರು. ನೂರಕ್ಕೆ ತೊಂಬತ್ತೊಂದಕ್ಕೂ ಹೆಚ್ಚು ಮಂದಿ ಮತಗಟ್ಟೆಗೆ ಬಂದರು. ಗಿನಿ, ಮೊಜಾಂಬಿಕ್, ಅಂಗೋಲಾಗಳು ಒಂದೊಂದಾಗಿ ಸ್ವತಂತ್ರವಾದವು. ಹುಡುಗರನ್ನು ಹೊತ್ತೊಯ್ಯುತ್ತಿದ್ದ ಹಡಗುಗಳು ಅವರನ್ನು ಹಿಂದಕ್ಕೆ ಕರೆತಂದವು.

ಆ ಬೆಳಗಿನ ಕಿರಣವೊಂದು ಭಾರತಕ್ಕೂ ಬಂದು ತಲುಪಿತು. ಗೋವೆ 1961ರ ಡಿಸೆಂಬರ್ 19ರಂದೇ ಬಿಡುಗಡೆ ಹೊಂದಿದ್ದರೂ ಲಿಸ್ಬನ್ನಿನ ಸರ್ಕಾರ ಅದನ್ನು ಒಪ್ಪಿರಲಿಲ್ಲ. ಕ್ರಾಂತಿಯಾದ ವರ್ಷವೇ, 1974ರ ಡಿಸೆಂಬರ್ 31ರಂದು, ಹೊಸ ಸರ್ಕಾರದ ವಿದೇಶಾಂಗ ಸಚಿವ ಮಾರಿಯೊ ಸೊವಾರೆಸ್ ಹೊಸದೆಹಲಿಯಲ್ಲಿ ಭಾರತದ ವಿದೇಶಾಂಗ ಸಚಿವ ವೈ. ಬಿ. ಚವಾಣರೊಡನೆ ಒಪ್ಪಂದಕ್ಕೆ ಸಹಿ ಹಾಕಿ, ಗೋವೆ ಭಾರತದ್ದೆಂದು ಮನ್ನಿಸಿದರು.

ಸಾಲಾಜಾರನ ಸರ್ಕಾರದ ವಿರುದ್ಧ ಗುಟ್ಟಾಗಿ ಮಾತಾಡಿದ ರೇಡಿಯೋ ಒಂದು ಕನ್ನಡ ನಾಡಿನ ಕಾಡಿನಲ್ಲಿಯೂ ಇತ್ತೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. 1955ರ ನವೆಂಬರಿನಲ್ಲಿ ಗೋವೆಯ ಬಿಡುಗಡೆಗಾಗಿ ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಎಂಬ ತರುಣ ತರುಣಿಯರು ಗಡಿಯಾಚೆ ನಿಂತು ಕೊಂಕಣಿಯಲ್ಲಿಯೂ ಪೋರ್ಚುಗೀಸಿನಲ್ಲಿಯೂ ಪ್ರಸಾರ ಆರಂಭಿಸಿದರು. ಮೊದಲು ಅಂಬೋಲಿಯ ಕಾಡಿನಿಂದ, ಆಮೇಲೆ ಇಂದಿನ ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕಿನಿಂದ. ಗೋವೆಯ ಬಿಡುಗಡೆಯವರೆಗೂ, ಆರು ವರ್ಷಗಳ ಕಾಲ, ಅವರು ಹುಲಿ ಹಾವುಗಳ ನಡುವೆ ಇದ್ದು ಅದನ್ನು ನಡೆಸಿದರು, ಬಳಿಕ ಸತಿಪತಿಗಳಾದರು. ಲಿಬಿಯಾ ಅವರಿಗೆ ನೂರರ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಪ್ರಶಸ್ತಿ ಪ್ರಕಟವಾಯಿತು. ಆ ನಿಲಯದ ಹೆಸರು ‘ಸ್ವಾತಂತ್ರ್ಯದ ಧ್ವನಿ’. ಪೋರ್ಚುಗಲ್ಲಿನಿಂದ ದೇಶಭ್ರಷ್ಟರಾಗಿ ಅಲ್ಜಿಯರ್ಸಿನಲ್ಲಿ ನೆಲೆಸಿದ್ದವರು ಅರವತ್ತರ ದಶಕದಲ್ಲಿ ತಮ್ಮ ನಾಡಿಗೆ ನಡೆಸುತ್ತಿದ್ದ ರೇಡಿಯೋದ ಹೆಸರೂ ‘ಸ್ವಾತಂತ್ರ್ಯದ ಧ್ವನಿ’ಯೇ! ಎರಡು ಖಂಡಗಳಲ್ಲಿ, ಒಂದೇ ಬೀಗದೆದುರು ಕುಳಿತವರಿಗೆ ಒಂದೇ ಹೆಸರು ಹೊಳೆಯಿತು.

ಗೆದ್ದ ಹಾಡಿಗೆ ಗೆಲುವೇ ಒಂದು ಗಂಡಾಂತರ. ‘ಗ್ರಾಂದೊಲಾ’ವನ್ನು ವರ್ಷಕ್ಕೊಮ್ಮೆ ಸಮಾರಂಭಗಳಲ್ಲಿ ಹಾಡತೊಡಗಿದರು, ಮಂತ್ರಿಗಳು ಕೋಟಿಗೆ ಕೆಂಪು ಹೂ ಸಿಕ್ಕಿಸಿಕೊಂಡು ನಿಂತರು. ಒಮ್ಮೆ ಭಯವನ್ನು ಮುರಿದ ಹಾಡು ಈಗ ಶಿಷ್ಟಾಚಾರವಾಗತೊಡಗಿತು. ಇದನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವರು ಅಫೊನ್ಸೊ. ಅವರು ನಂಬಿದ್ದ ಸಮಾನತೆ ಬಂದಿರಲಿಲ್ಲ. ಬಂದುದಷ್ಟಕ್ಕೆ ಸಂತೋಷಪಟ್ಟು ಸುಮ್ಮನಾಗುವುದು ಅವರ ಸ್ವಭಾವವೂ ಅಲ್ಲ. 1983ರಲ್ಲಿ ರಾಷ್ಟ್ರಾಧ್ಯಕ್ಷರು ಅವರಿಗೆ ‘ಸ್ವಾತಂತ್ರ್ಯ ಪದಕ’ವನ್ನು ಕೊಡಬಯಸಿದಾಗ ಅವರು ಒಪ್ಪಿಕೊಳ್ಳಲಿಲ್ಲ. ಆ ವೇಳೆಗಾಗಲೇ ಸ್ನಾಯುಗಳನ್ನು ಒಂದೊಂದಾಗಿ ನಿಶ್ಚೇಷ್ಟಗೊಳಿಸುವ ನರರೋಗವೊಂದು ಅವರನ್ನು ಹಿಡಿದಿತ್ತು. ಗಿಟಾರಿನ ಮೇಲೆ ಓಡಾಡಿದ ಬೆರಳುಗಳು ನಿಂತವು; ಹಾಡಿದ ಗಂಟಲು ಸೋತಿತು. 1987ರ ಫೆಬ್ರವರಿ 23ರಂದು ಸೆತೂಬಾಲ್ ಪಟ್ಟಣದಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಶವಪೆಟ್ಟಿಗೆಯ ಮೇಲೆ ಹೊದಿಸಿದ್ದುದು ಯಾವ ಪಕ್ಷದ ಗುರುತೂ ಇಲ್ಲದ ಬರಿಯ ಕೆಂಪು ಬಟ್ಟೆ. ಹಿಂದೆ ನಡೆದವರು ಸಾವಿರಾರು ಮಂದಿ. ಮೇಷ್ಟರ ಕೆಲಸ ಕಸಿದುಕೊಂಡ ಸರ್ಕಾರವೂ, ಪದಕ ಕೊಡಬಂದ ಸರ್ಕಾರವೂ ಅವರ ದೃಷ್ಟಿಯಲ್ಲಿ ಒಂದೇ ಆಗಿರಲಿಲ್ಲ, ನಿಜ. ಆದರೆ ಹಾಡನ್ನು ಯಾವ ಸರ್ಕಾರದ ಎದೆಗೂ ಚುಚ್ಚಿಕೊಡಲು ಅವರು ಸಿದ್ಧರಿರಲಿಲ್ಲ.

ಅವರು ಹೋದ ಇಪ್ಪತ್ತಾರು ವರ್ಷಗಳ ಮೇಲೆ ಹಾಡು ತಾನಾಗಿಯೇ ಸಮಾರಂಭದ ಪಂದಲನ್ನು ಬಿಟ್ಟು ಎದ್ದುಬಂದಿತು. ಸಾಲದಲ್ಲಿ ಮುಳುಗಿದ್ದ ಪೋರ್ಚುಗಲ್ 2011ರಲ್ಲಿ 78 ಶತಕೋಟಿ ಯೂರೊ ನೆರವನ್ನು ಪಡೆದು, ಅದರ ಷರತ್ತುಗಳಂತೆ ಸಂಬಳವನ್ನೂ ನಿವೃತ್ತಿವೇತನವನ್ನೂ ಕಡಿತಗೊಳಿಸಿತು. 2013ರ ಫೆಬ್ರವರಿ 15ರಂದು ಪ್ರಧಾನಿ ಪೆದ್ರು ಪಾಸೊಸ್ ಕೊಯೆಲ್ಯೊ ಪಾರ್ಲಿಮೆಂಟಿನಲ್ಲಿ ಮಾತಾಡುತ್ತಿದ್ದಾಗ, ಪ್ರೇಕ್ಷಕರ ಅಂಕಣದಲ್ಲಿ ಕುಳಿತಿದ್ದ ಕೆಲವರು ಎದ್ದು ನಿಂತು ‘ಗ್ರಾಂದೊಲಾ’ವನ್ನು ಹಾಡತೊಡಗಿದರು. ಕೂಗಲಿಲ್ಲ, ಬೈಯಲಿಲ್ಲ, ಏನನ್ನೂ ಎಸೆಯಲಿಲ್ಲ. ಪ್ರಧಾನಿ ಮಾತು ನಿಲ್ಲಿಸಬೇಕಾಯಿತು. ಸಭೆಗೆ ಅಡ್ಡಿಪಡಿಸುವ ವಿಧಾನಗಳಲ್ಲೆಲ್ಲ ಇದು ಸದಭಿರುಚಿಯದೆಂದು ಅವರು ಸಮಾಧಾನದಿಂದಲೇ ಹೇಳಿದರು. ಬಳಿಕ ಮಂತ್ರಿಗಳು ಹೋದಹೋದಲ್ಲೆಲ್ಲ ಆ ಹಾಡು ಎದುರಾಯಿತು. ಊರಿನ ಹೆಸರೇ ಕ್ರಿಯಾಪದವಾಗಿ, ‘ಗ್ರಾಂದೊಲಿಸುವುದು’ ಎಂಬ ಅರ್ಥದ ಹೊಸ ಮಾತೊಂದು ಪೋರ್ಚುಗೀಸಿನಲ್ಲಿ ಹುಟ್ಟಿತು. ಮಾರ್ಚ್ 2ರಂದು ಲಿಸ್ಬನ್ನಿನ ಬೀದಿಗಳಲ್ಲಿ ಅದನ್ನು ಹಾಡಿದವರಲ್ಲಿ ಅನೇಕರು 1974ರಲ್ಲಿ ಇನ್ನೂ ಹುಟ್ಟಿರಲಿಲ್ಲ. ಆದರೂ ಯಾರೂ ಅವರಿಗೆ ಪದ ಹೇಳಿಕೊಡಬೇಕಾಗಲಿಲ್ಲ.

ಆ ಸರ್ಕಾರ ಜನರ ಮತದಿಂದಲೇ ಬಂದುದು. ಹಾಡಿದವರನ್ನು ಯಾರೂ ಸೆರೆಗೆ ನೂಕಲಿಲ್ಲ. 1974ಕ್ಕೂ 2013ಕ್ಕೂ ಇರುವ ಅಂತರ ಅದೇ, ಮತ್ತು ಅದು ಸಣ್ಣ ಅಂತರವಲ್ಲ. ಆ ಅಂತರವನ್ನು ಗಳಿಸಿಕೊಟ್ಟ ಹಾಡೇ ಗಳಿಸಿದ್ದು ಸಾಲದೆಂದು ಹೇಳಲು ಮತ್ತೆ ಬಂದಿತು. 2014ರಲ್ಲಿ ಅಲೆಂತೇಜಿನ ಹಾಡುಗಾರಿಕೆಯನ್ನು ಯುನೆಸ್ಕೊ ಸಂಸ್ಥೆ ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಪಟ್ಟಿಯಲ್ಲಿ ಸೇರಿದ್ದು ಸಂತೋಷವೇ. ಆದರೆ ಆ ಧ್ವನಿಮುದ್ರಿಕೆಯನ್ನು ಇಂದು ಯಾರು ಹಾಕಿದರೂ ಮೊದಲು ಕೇಳುವುದು ಜಲ್ಲಿಯ ಮೇಲಿನ ಹೆಜ್ಜೆಗಳು. ಅವು ಯಾರ ಬಾಗಿಲಿನತ್ತ ನಡೆದುಬರುತ್ತಿವೆ ಎಂಬುದನ್ನು ಆಳುವವರು ಪ್ರತಿ ಬಾರಿಯೂ ಹೊಸದಾಗಿ ಕಿವಿಗೊಟ್ಟು ತಿಳಿಯಬೇಕಾಗುತ್ತದೆ.